ಕಷ್ಟದಲ್ಲಿ ಕೈಬಿಡದ ಸ್ವಾಮಿ

(ಶ್ರೀಗುರುಸಾರ್ವಭೌಮರ ಆರಾಧನಾ ಮಹೋತ್ಸವದ ಸಂದರ್ಭದಲ್ಲಿ ನಡೆದ ಉಪನ್ಯಾಸದ ಬರಹರೂಪ)

॥ ಶ್ರೀ ಗುರುಭ್ಯೋ ನಮಃ, ಹರಿಃ ಓಂ ॥



ಚೆನ್ನೈ ಮಹಾನಗರದ ತಿರುವಲ್ಲಿಕ್ಕೇಣಿಯಲ್ಲಿ, ಹಳೆಯ ತಲೆಮಾರಿನವರು ಟ್ರಿಪ್ಲಿಕೇನ್ ಎಂದೇ ಕರೆಯುವ ಆ ಬಡಾವಣೆಯಲ್ಲಿ, ಶ್ರೀಪಾರ್ಥಸಾರಥಿ ಸ್ವಾಮಿಯ ಸನ್ನಿಧಾನವಿದೆ. ಪಲ್ಲವರ ಕಾಲದಿಂದ ಪೂಜೆಗೊಳ್ಳುತ್ತಿರುವ ಕ್ಷೇತ್ರವದು. ಅಲ್ಲಿಯ ಉತ್ಸವಮೂರ್ತಿಯ ಮುಖದ ಮೇಲೆ ಸಣ್ಣ ಸಣ್ಣ ಗುಳಿಗಳಂತಹ ಗುರುತುಗಳಿವೆ. ಕುರುಕ್ಷೇತ್ರದಲ್ಲಿ ಅರ್ಜುನನ ರಥವನ್ನು ನಡೆಸುವಾಗ ಭೀಷ್ಮಾಚಾರ್ಯರ ಬಾಣಗಳು ತಗುಲಿ ಉಂಟಾದ ಕಲೆಗಳಿವು ಎಂಬುದು ಕ್ಷೇತ್ರದ ಐತಿಹ್ಯ. ಮೊದಲ ಸಲ ದರ್ಶನಕ್ಕೆ ಬಂದ ಮಕ್ಕಳು ಅಜ್ಜಿಯ ಸೆರಗು ಹಿಡಿದು, "ಸ್ವಾಮಿಗೆ ನೋವಾಗಲಿಲ್ವಾ ಅಜ್ಜಿ?" ಎಂದು ಕೇಳುವುದುಂಟು. ಅಜ್ಜಿಯ ಕಣ್ಣಲ್ಲಿ ನೀರು ಬರುವುದೂ ಉಂಟು.

ಮಗುವಿನ ಈ ಪ್ರಶ್ನೆ ಚಿಕ್ಕದೆಂದು ತಳ್ಳಿಹಾಕತಕ್ಕದ್ದಲ್ಲ. ಶ್ರೀಮದಾಚಾರ್ಯರ ಸಿದ್ಧಾಂತದಂತೆ ಭಗವಂತನ ದೇಹ ಪಂಚಭೂತಗಳಿಂದಾದುದಲ್ಲ, ಅದು ಜ್ಞಾನಾನಂದಮಯವಾದುದು. ಅದಕ್ಕೆ ಛೇದವಿಲ್ಲ, ರಕ್ತವಿಲ್ಲ, ನೋವಿಲ್ಲ. ಅವತಾರಕಾಲದಲ್ಲಿ ಗಾಯಗೊಂಡಂತೆ, ದಣಿದಂತೆ, ದುಃಖಿಸಿದಂತೆ ಕಂಡುದೆಲ್ಲವೂ ಅವನೇ ಇಚ್ಛೆಯಿಂದ ತೋರಿದ ತೋರಿಕೆ ಎಂಬುದನ್ನು ಮಹಾಭಾರತ ತಾತ್ಪರ್ಯನಿರ್ಣಯದಲ್ಲಿ ಆಚಾರ್ಯರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಹಾಗಾದರೆ ಅಜ್ಜಿಯ ಕಣ್ಣೀರು ಅಜ್ಞಾನದ್ದೇ? ಹಾಗೆಂದು ಅವಸರಪಟ್ಟು ಹೇಳಿದವನು ಸಿದ್ಧಾಂತದ ಅರ್ಧವನ್ನು ಮಾತ್ರ ಓದಿದ್ದಾನೆ. ಭಕ್ತಿ ಎಂದರೇನು ಎಂಬುದಕ್ಕೆ ಆಚಾರ್ಯರು ಅದೇ ಗ್ರಂಥದಲ್ಲಿ ಲಕ್ಷಣ ಹೇಳಿರುವರು. ಅವನ ಮಾಹಾತ್ಮ್ಯದ ಅರಿವು ಮೊದಲಿರಬೇಕು, ಅದರ ಮೇಲೆ ಮತ್ತೆಲ್ಲದಕ್ಕಿಂತ ಮಿಗಿಲಾದ, ಅಲುಗಾಡದ ಸ್ನೇಹ ನೆಲೆಗೊಳ್ಳಬೇಕು, ಅದೇ ಭಕ್ತಿ. ಇಲ್ಲಿ ಆಚಾರ್ಯರು ಆರಿಸಿಕೊಂಡ ಪದ ಸ್ನೇಹ ಎಂಬುದನ್ನು ಸಜ್ಜನರು ಗಮನಿಸಬೇಕು. ಭಯವೆಂದಿಲ್ಲ, ಬೇಡಿಕೆ ಎಂದೂ ಇಲ್ಲ. ಅಂಟಿಕೊಳ್ಳುವ ಜಿಡ್ಡಿಗೂ ಸಂಸ್ಕೃತದಲ್ಲಿ ಅದೇ ಹೆಸರು. ದೀಪಕ್ಕೆ ಹಾಕುವ ಎಣ್ಣೆಯೂ ಸ್ನೇಹವೇ.

ಮಾಹಾತ್ಮ್ಯಜ್ಞಾನವಿಲ್ಲದ ಸ್ನೇಹ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಗೀತೆಯ ಹನ್ನೊಂದನೆಯ ಅಧ್ಯಾಯವೇ ಸಾಕ್ಷಿ. ವಿಶ್ವರೂಪವನ್ನು ಕಂಡ ಅರ್ಜುನನು, ಇಷ್ಟು ದಿನ ಸಲಿಗೆಯಿಂದ ಹೆಸರು ಹಿಡಿದು ಕೂಗಿದ್ದಕ್ಕೆ, ಊಟದಲ್ಲಿ ಆಟದಲ್ಲಿ ಪರಿಹಾಸ ಮಾಡಿದ್ದಕ್ಕೆ ಕ್ಷಮೆ ಬೇಡುತ್ತಾನೆ. ಆದರೆ ಅಲ್ಲಿಗೆ ಕಥೆ ಮುಗಿಯುವುದಿಲ್ಲ. ಆ ಮಹಾರೂಪವನ್ನು ಉಪಸಂಹರಿಸಿ ಕೃಷ್ಣನು ಮತ್ತೆ ಅದೇ ಸಾರಥಿಯಾಗಿ, ಅದೇ ಕುದುರೆಗಳ ಹಗ್ಗ ಹಿಡಿದು ಕುಳಿತ. ಬ್ರಹ್ಮಾಂಡವನ್ನು ನುಂಗಬಲ್ಲವನು ಕುದುರೆಗಳಿಗೆ ನೀರು ಕುಡಿಸಿದ. ತಿರುವಲ್ಲಿಕ್ಕೇಣಿಯ ಸ್ವಾಮಿಯ ಮುಖದ ಗುರುತುಗಳಿಗೆ ಮಾಧ್ವರು ಕೊಡಬಹುದಾದ ಅರ್ಥವೂ ಇದೇ: ನೋವಿಲ್ಲದವನು ಭಕ್ತನ ಮುಂದೆ ಕುಳಿತು ಬಾಣಕ್ಕೆ ಮುಖವೊಡ್ಡಿದ. ನೋವೇ ಇಲ್ಲದವನು ಹಾಗೆ ಮಾಡುವ ಅಗತ್ಯವಾದರೂ ಏನಿತ್ತು? ಅಗತ್ಯವಿರಲಿಲ್ಲ, ಪ್ರೀತಿಯಿತ್ತು.

ಇಷ್ಟನ್ನು ಒಪ್ಪಿದ ಮೇಲೂ ಗೃಹಸ್ಥನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ. ಅವನಿಗೆ ಇಷ್ಟು ಪ್ರೀತಿಯಿದ್ದರೆ ಮನೆಯಲ್ಲಿ ಇಷ್ಟು ಕಷ್ಟವೇಕೆ? ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಚೆನ್ನೈಯಿಂದ ದಕ್ಷಿಣಕ್ಕೆ, ಚಿದಂಬರದ ಬಳಿ ಭುವನಗಿರಿ ಎಂಬ ಊರಿದೆ. ಯಾರ ಆರಾಧನೆಗಾಗಿ ಇಂದು ಮಠದ ಮುಂದೆ ಸಾಲು ನಿಂತಿದೆಯೋ ಆ ರಾಯರು 1595ರಲ್ಲಿ ಅವತರಿಸಿದ ಊರು ಅದು. ವಿಜಯನಗರದ ಆಸ್ಥಾನದಲ್ಲಿ ವೀಣೆಯಿಂದ ಮಾನ್ಯವಾಗಿದ್ದ ಮನೆತನ. 1565ರ ಯುದ್ಧದ ನಂತರ ಸಾಮ್ರಾಜ್ಯದೊಂದಿಗೆ ಆಶ್ರಯವೂ ಹೋಗಿ ಕುಟುಂಬ ತಮಿಳುನಾಡಿಗೆ ಬಂತು. ತಂದೆ ತಿಮ್ಮಣ್ಣಭಟ್ಟರು, ತಾಯಿ ಗೋಪಿಕಾಂಬೆ. ವೆಂಕಟನಾಥರೆಂಬ ಹೆಸರಿನ ಆ ಬಾಲಕನಿಗೆ ಮಧುರೆಯಲ್ಲಿ ಪಾಠ ಹೇಳಿದವರು ಅಕ್ಕನ ಗಂಡನಾದ ಲಕ್ಷ್ಮೀನರಸಿಂಹಾಚಾರ್ಯರು. ಮುಂದೆ ಕುಂಭಕೋಣದಲ್ಲಿ ಶ್ರೀಸುಧೀಂದ್ರತೀರ್ಥರಲ್ಲಿ ವೇದಾಂತದ ಅಧ್ಯಯನ. ಮಹಾಭಾಷ್ಯಾಚಾರ್ಯರೆಂಬ ಬಿರುದೂ ದೊರೆಯಿತು.

ಬಿರುದು ದೊರೆಯಿತು, ಅಕ್ಕಿ ದೊರೆಯಲಿಲ್ಲ. ಪಾಠ ಹೇಳಿ ಹಣ ತೆಗೆದುಕೊಳ್ಳುವವರಲ್ಲ ವೆಂಕಟನಾಥರು. ಪತ್ನಿ ಸರಸ್ವತೀಬಾಯಿ, ಮಗು ಲಕ್ಷ್ಮೀನಾರಾಯಣ. ಮನೆಯಲ್ಲಿ ಏಕಾದಶಿಯಲ್ಲದ ದಿನಗಳೂ ಉಪವಾಸದಲ್ಲೇ ಕಳೆಯುತ್ತಿದ್ದವು. ನಾರಾಯಣಾಚಾರ್ಯರು ರಾಘವೇಂದ್ರವಿಜಯದಲ್ಲಿ ಈ ದಾರಿದ್ರ್ಯವನ್ನು ಮುಚ್ಚಿಡದೆ ವರ್ಣಿಸಿದ್ದಾರೆ. ಮಹಾತ್ಮರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ವೈಭವವನ್ನು ಹಿಗ್ಗಿಸುತ್ತಾರೆ. ಈ ಕವಿ ಹರಕು ಬಟ್ಟೆಯನ್ನೂ ಬರಿಯ ಪಾತ್ರೆಯನ್ನೂ ಕಾವ್ಯಕ್ಕೆ ತಂದರು. ಅದಕ್ಕಾಗಿ ಅವರಿಗೆ ಎಷ್ಟು ಕೃತಜ್ಞರಾದರೂ ಸಾಲದು.

ಗಂಧ ತೇಯ್ದ ಪ್ರಸಂಗ ಎಲ್ಲರಿಗೂ ತಿಳಿದುದೇ. ಸಮಾರಾಧನೆಯೊಂದಕ್ಕೆ ಹೋದಾಗ, ಬಡ ಬ್ರಾಹ್ಮಣನೆಂದು ಎಣಿಸಿ ಮನೆಯವರು ಗಂಧ ತೇಯಲು ಹಚ್ಚಿದರು. ಅಭ್ಯಾಸಬಲದಿಂದ ಅಗ್ನಿಸೂಕ್ತ ಮನಸ್ಸಿನಲ್ಲಿ ಓಡುತ್ತಿತ್ತು. ಆ ಗಂಧ ಹಚ್ಚಿಕೊಂಡವರ ಮೈ ಉರಿಯಿತು. ಕ್ಷಮೆ ಬೇಡಿದಾಗ ವರುಣಸೂಕ್ತವನ್ನು ಪಠಿಸಲು ತಂಪಾಯಿತು. ಪವಾಡವೆಂದು ಇದನ್ನು ಹೇಳಿ ಮುಗಿಸುವುದು ವಾಡಿಕೆ. ಆದರೆ ಒಂದು ಅಂಶ ಉಳಿದುಹೋಗುತ್ತದೆ. ಅವಮಾನವಾದ ಘಳಿಗೆಯಲ್ಲಿ, ಕೈ ಕಲ್ಲಿನ ಮೇಲೆ ಆಡುತ್ತಿರುವಾಗ, ಮನಸ್ಸು ಮನೆಯೊಡೆಯನ ಮೇಲೆ ಇರಲಿಲ್ಲ, ಮಂತ್ರಪ್ರತಿಪಾದ್ಯನಾದ ಭಗವಂತನಲ್ಲಿತ್ತು. ಸಿಟ್ಟಿನಿಂದ ಸುಟ್ಟದ್ದಲ್ಲ ಅದು. ಊಟಕ್ಕಿಲ್ಲದವನ ಬಳಿ ಕಳ್ಳರು ಒಯ್ಯಲಾಗದ ಬುತ್ತಿಯೊಂದಿತ್ತು ಎಂಬುದಕ್ಕೆ ಆ ಉರಿ ಗುರುತು.

ಇದರ ಫಲವಾಗಿ ವೆಂಕಟನಾಥರ ದಾರಿದ್ರ್ಯ ಮರುದಿನವೇ ತೀರಿತೇ? ಇಲ್ಲ. ಭಕ್ತಿಗೆ ಪ್ರತಿಯಾಗಿ ಹಣದ ಗಂಟು ಬೀಳಲಿಲ್ಲ. 1621ರಲ್ಲಿ ತಂಜಾವೂರಿನಲ್ಲಿ ಸಂನ್ಯಾಸವಾಯಿತು. ಇದ್ದ ಮನೆಯೂ ಬಿಟ್ಟುಹೋಯಿತು.

ಇಲ್ಲಿ ಉಪನ್ಯಾಸಕಾರರು ಸಾಮಾನ್ಯವಾಗಿ ಬೇಗನೆ ದಾಟಿಬಿಡುವ ಒಂದು ಸ್ಥಳವಿದೆ. ಅದು ಸರಸ್ವತೀಬಾಯಿಯವರ ದುಃಖ. ಪತಿ ಪೀಠವೇರುವರೆಂಬ ಸುದ್ದಿ ಲೋಕಕ್ಕೆ ಮಂಗಲವಾರ್ತೆ. ಹಸಿವನ್ನು ಜೊತೆಯಾಗಿ ಉಂಡ ಆ ಸಾಧ್ವಿಗೆ ಅದು ಸಿಡಿಲು. ದುಃಖದ ವೇಗದಲ್ಲಿ ಆಕೆ ಬಾವಿಯಲ್ಲಿ ಪ್ರಾಣ ನೀಗಿದರೆಂದೂ, ಅತೃಪ್ತಳಾದ ಆ ಜೀವ ಗುರುಗಳ ಸನ್ನಿಧಿಗೆ ಬಂದಾಗ ಅವರು ಕಮಂಡಲುವಿನ ಜಲ ಪ್ರೋಕ್ಷಿಸಿ ಸದ್ಗತಿ ಕರುಣಿಸಿದರೆಂದೂ ಸಂಪ್ರದಾಯ ಹೇಳುತ್ತದೆ. ಆಕೆಯ ನಡೆ ಶಾಸ್ತ್ರಸಮ್ಮತವೆಂದು ಯಾರೂ ಹೇಳಲಿಲ್ಲ. ಆದರೆ ಆಕೆಯನ್ನು ನಿಂದಿಸಿಯೂ ಇಲ್ಲ. ಕಥೆಯಲ್ಲಿ ಆಕೆಗೆ ದೊರೆತುದು ಬೈಗುಳವಲ್ಲ, ಜಲಪ್ರೋಕ್ಷಣೆ. ಆದ್ದರಿಂದ ಮನೆಯೊಳಗೆ ಯಾರಾದರೂ ಮಾತು ಬಿಟ್ಟು, ಊಟ ಬಿಟ್ಟು, ಮೂಲೆ ಹಿಡಿದು ಕುಳಿತರೆ, ಪಾರಾಯಣ ಮಾಡಿರೆಂದು ಹೇಳಿ ಎದ್ದುಬರುವುದು ಸಾಲದು. ಪಕ್ಕದಲ್ಲಿ ಕುಳಿತುಕೊಳ್ಳಬೇಕು. ವೈದ್ಯರ ಬಳಿ ಕರೆದೊಯ್ಯಬೇಕಾದರೆ ಕರೆದೊಯ್ಯಬೇಕು; ಅದರಿಂದ ಭಕ್ತಿಗೆ ಕುಂದಿಲ್ಲ. ಧನ್ವಂತರಿಯೂ ಅವನದೇ ರೂಪ.

ಭಗವಂತನಲ್ಲಿ ಪಕ್ಷಪಾತವೋ ನಿರ್ದಯೆಯೋ ಇರಬಹುದೆಂಬ ಶಂಕೆಯನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವೇ ಎತ್ತಿ ಪರಿಹರಿಸುತ್ತದೆ. ಜೀವರ ಅನಾದಿಕರ್ಮವನ್ನು ಅನುಸರಿಸಿಯೇ ಅವನು ಸುಖದುಃಖಗಳನ್ನು ನೀಡುತ್ತಾನೆ. ಆದಕಾರಣ ಆ ದೋಷಗಳು ಅವನಿಗಿಲ್ಲ. ಸಿದ್ಧಾಂತವೇನೋ ಸರಿ. ಆದರೆ ಅದನ್ನು ಉಪಯೋಗಿಸುವ ರೀತಿಯೊಂದಿದೆ. ಕರ್ಮಸಿದ್ಧಾಂತವಿರುವುದು ತನ್ನ ಕಷ್ಟವನ್ನು ತಾನು ಧೈರ್ಯದಿಂದ ಹೊರಲಿಕ್ಕೆ. ನೆರೆಮನೆಯವರ ಕಷ್ಟ ಕಂಡು "ಅವರ ಕರ್ಮ" ಎಂದು ಬಾಗಿಲು ಹಾಕಿಕೊಳ್ಳಲಿಕ್ಕಲ್ಲ. ಕರ್ಮಫಲವನ್ನು ಕೊಡುವ ಸ್ವಾಮಿಯೇ ಅದನ್ನು ಉಣ್ಣುವಾಗ ಜೊತೆಯಲ್ಲಿಯೂ ಇರುತ್ತಾನೆಂಬುದನ್ನು ಉಪನಿಷತ್ತು ಒಂದೇ ಮರದಲ್ಲಿ ಕುಳಿತ ಎರಡು ಹಕ್ಕಿಗಳ ದೃಷ್ಟಾಂತದಿಂದ ತಿಳಿಸಿದೆ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ನೋಡುತ್ತಿರುತ್ತದೆ. ಅವೆರಡೂ ಸಖರು ಎಂದಿದೆ ಶ್ರುತಿ. ಬಿಂಬರೂಪಿಯಾದ ಆ ಸಖ ಜೀವನನ್ನು ಯಾವ ಜನ್ಮದಲ್ಲಿಯೂ, ಯಾವ ದೇಹದಲ್ಲಿಯೂ ಬಿಟ್ಟಿರುವುದಿಲ್ಲ. ಕಹಿಹಣ್ಣು ಬಂತೆಂದು ಮರ ಬಿಟ್ಟು ಹಾರಿಹೋಗುವ ಹಕ್ಕಿಯಲ್ಲ ಅದು.

ಚೆನ್ನೈಯ ಸಂಸಾರಿಗಳಿಗೆ ಈ ಮಾತು ಪುಸ್ತಕದ್ದಲ್ಲ. 2015ರ ಡಿಸೆಂಬರ್ 1ರ ರಾತ್ರಿಯನ್ನು ಮರೆತವರು ಈ ಊರಿನಲ್ಲಿ ಯಾರೂ ಇರಲಾರರು. ತಾಂಬರಂ ಕಡೆ ಒಂದೇ ದಿನದಲ್ಲಿ 49 ಸೆಂಟಿಮೀಟರ್ ಮಳೆ; ಚೆಂಬರಂಬಾಕ್ಕಂ ಕೆರೆಯಿಂದ ಬಿಟ್ಟ ನೀರು ಸೇರಿ ಅಡಯಾರು ಹೊಳೆ ಉಕ್ಕಿ, ಸೈದಾಪೇಟೆ, ಕೋಟ್ಟೂರ್‌ಪುರಂ, ಜಾಫರ್‌ಖಾನ್‌ಪೇಟೆಗಳ ಮನೆಗಳಿಗೆ ನುಗ್ಗಿತು. 1878ರಲ್ಲಿ ಆರಂಭವಾದ ದಿ ಹಿಂದೂ ಪತ್ರಿಕೆ ಮೊಟ್ಟಮೊದಲ ಬಾರಿಗೆ ಮರುದಿನ ಚೆನ್ನೈಯಲ್ಲಿ ಮುದ್ರಣವಾಗಲಿಲ್ಲ. ಕೆಲಸದವರು ಮುದ್ರಣಾಲಯ ತಲುಪುವಂತಿರಲಿಲ್ಲ. ವಿದ್ಯುತ್ತಿಲ್ಲ, ದೂರವಾಣಿಯಿಲ್ಲ. ಅಂತಹ ರಾತ್ರಿಯಲ್ಲಿ ದೇವರ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟು ಮಹಡಿಗೇರಿದ ಗೃಹಿಣಿಗೆ ತಾನು ಸ್ವಾಮಿಯನ್ನು ಕಾಪಾಡುತ್ತಿರುವೆನೋ, ಸ್ವಾಮಿ ತನ್ನನ್ನೋ ಎಂದು ವಿಚಾರಿಸುವಷ್ಟು ಪುರಸೊತ್ತಿರಲಿಲ್ಲ. ಎರಡೂ ನಡೆಯುತ್ತಿತ್ತು. ಹದಿನೈದು ದಿನಗಳಲ್ಲಿ ಧನುರ್ಮಾಸ ಬಂತು. ಗೋಡೆಯ ಮೇಲೆ ನೀರಿನ ಗೆರೆ ಹಾಗೆಯೇ ಇತ್ತು. ಕೆಳಗೆ ಅರುಣೋದಯಕ್ಕೆ ಹುಗ್ಗಿಯ ನೈವೇದ್ಯ.

ನಾಲ್ಕೇ ವರ್ಷಗಳಲ್ಲಿ ಅದೇ ಊರು ಬತ್ತಿತು. 2019ರ ಜೂನ್ ವೇಳೆಗೆ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಈ ನಾಲ್ಕೂ ಜಲಾಶಯಗಳು ಬಹುಮಟ್ಟಿಗೆ ಬರಿದಾದವು. ಲಾರಿಯ ನೀರಿಗಾಗಿ ಬಣ್ಣ ಬಣ್ಣದ ಪ್ಲಾಸ್ಟಿಕ್ ಕೊಡಗಳ ಸಾಲು. ಮಡಿನೀರು ಎಂಬುದು ಶಾಸ್ತ್ರದ ವಿಷಯವಾಗಿದ್ದುದು ಅದೃಷ್ಟದ ವಿಷಯವಾಯಿತು. ಮಡಿಗೆ ಎಷ್ಟು ತಂಬಿಗೆ, ಮಗುವಿನ ಸ್ನಾನಕ್ಕೆ ಎಷ್ಟು, ಹಾಸಿಗೆ ಹಿಡಿದ ಅತ್ತೆಯವರ ಬಟ್ಟೆ ಒಗೆಯಲು ಎಷ್ಟು ಎಂದು ಲೆಕ್ಕ ಹಾಕುವಾಗ, ಮಡಿಯಲ್ಲಿ ಲೋಪವಾಯಿತೆಂದು ಅನೇಕ ತಾಯಂದಿರು ನೊಂದುಕೊಂಡರು. ಅಂಥವರು ದ್ವಾದಶಸ್ತೋತ್ರದ ಮೂರನೆಯ ಅಧ್ಯಾಯವನ್ನು ನೆನೆಯಬೇಕು. ಹರಿಪಾದದಲ್ಲಿ ಮನಸ್ಸಿಟ್ಟು ತನ್ನ ಪಾಲಿನ ಕರ್ಮವನ್ನು ಮಾಡುತ್ತ, ಬಂದುದನ್ನು ಅನುಭವಿಸುತ್ತ ಇರಬೇಕೆಂದು ಆಚಾರ್ಯರು ಅಲ್ಲಿ ಉಪದೇಶಿಸುತ್ತಾರೆ. ತಮ್ಮ ಪಾಲಿಗೆ ಬಂದ ಕರ್ಮದಲ್ಲಿ ಅತ್ತೆಯ ಸೇವೆಯೂ ಸೇರಿದೆ. ಅದಕ್ಕೆ ಖರ್ಚಾದ ನೀರು ಕಲಶಕ್ಕೆ ಕಡಿಮೆಯಾದ ನೀರಲ್ಲ. ಅಂತರ್ಯಾಮಿಗೇ ಸಂದ ಅಭಿಷೇಕ. ಆ ವರ್ಷದ ಜುಲೈ 12ರಂದು ಜೋಲಾರ್‌ಪೇಟೆಯಿಂದ 25 ಲಕ್ಷ ಲೀಟರ್ ನೀರು ಹೊತ್ತ ಮೊದಲ ರೈಲು ವಿಲ್ಲಿವಾಕ್ಕಂಗೆ ಬಂತು. ಅದು ಕಾವೇರಿಯ ನೀರು. ದಿನವೂ ಕಲಶಪೂಜೆಯಲ್ಲಿ ಹೆಸರು ಹೇಳಿ ಕರೆಯುವ ಕಾವೇರಿ ಆ ಸಲ ರೈಲು ಹತ್ತಿ ಬಂದಳೆಂದು ಹಿರಿಯರು ನಕ್ಕರೂ ತಪ್ಪಿಲ್ಲ.

ಭಾಗವತದ ಮೊದಲ ಸ್ಕಂಧದಲ್ಲಿ ಕುಂತೀದೇವಿ, ವಿಪತ್ತುಗಳು ಮತ್ತೆ ಮತ್ತೆ ಬರಲಿ, ಅವು ಬಂದಾಗಲೇ ನಿನ್ನ ದರ್ಶನ ಎಂದು ಕೃಷ್ಣನನ್ನು ಬೇಡುತ್ತಾಳೆ. ಅದು ಮಹಾಸಾಧ್ವಿಯ ಬೇಡಿಕೆ. ಕಲಿಯುಗದ ಗೃಹಸ್ಥನಿಗೆ ಅಷ್ಟು ಧೈರ್ಯ ಬೇಕಿಲ್ಲ. ವಿಪತ್ತುಗಳು ಬೇಡದೆಯೇ ಬರುತ್ತವೆ. ಬಂದಾಗ ದರ್ಶನವನ್ನು ಮಾತ್ರ ಬೇಡಿಕೊಂಡರಾಯಿತು. ಅದೂ ಆಗದಷ್ಟು ದಣಿದ ರಾತ್ರಿಗಳಿರುತ್ತವೆ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ, ನಾಮಸ್ಮರಣೆಯ ಮಧ್ಯದಲ್ಲಿಯೇ ಕಣ್ಣು ಮುಚ್ಚಿಹೋಗುತ್ತದೆ. ಅದಕ್ಕೂ ಆಚಾರ್ಯರ ಶಾಸ್ತ್ರದಲ್ಲಿ ಸ್ಥಳವಿದೆ. ಎಚ್ಚರದಲ್ಲಿ ವಿಶ್ವ, ಕನಸಿನಲ್ಲಿ ತೈಜಸ, ಗಾಢನಿದ್ರೆಯಲ್ಲಿ ಪ್ರಾಜ್ಞ ಎಂಬ ರೂಪಗಳಿಂದ ಭಗವಂತನೇ ಜೀವನನ್ನು ನಡೆಸುತ್ತಾನೆ. ನಿದ್ರಿಸಿದ ಜೀವ ಪ್ರಾಜ್ಞನನ್ನೇ ಆಶ್ರಯಿಸಿರುತ್ತಾನೆ.

ಕುಂಭಕೋಣದ ಮಠದಲ್ಲಿ ವಿದ್ಯಾರ್ಥಿಯಾಗಿದ್ದ ವೆಂಕಟನಾಥರು ಒಂದು ರಾತ್ರಿ ತರಗೆಲೆಗಳನ್ನು ಉರಿಸಿ, ಆ ಬೆಳಕಿನಲ್ಲಿ ನ್ಯಾಯಸುಧೆಗೆ ಟಿಪ್ಪಣಿ ಬರೆಯುತ್ತ ದಣಿದು ಅಲ್ಲಿಯೇ ನಿದ್ರೆಹೋದರಂತೆ. ಬೆಂಕಿ ಆರುತ್ತಿತ್ತು, ಚಳಿಯಿತ್ತು. ಆ ಹೊತ್ತಿಗೆ ಶ್ರೀಸುಧೀಂದ್ರತೀರ್ಥರು ಬಂದರು. ಓಲೆಗಳನ್ನು ಕೈಗೆತ್ತಿಕೊಂಡು ಓದಿದರು. ಮುಂದೆ ಪರಿಮಳವೆಂದು ಪ್ರಸಿದ್ಧವಾದ ಗ್ರಂಥ ಅದು. ಶಿಷ್ಯನನ್ನು ಎಬ್ಬಿಸಲಿಲ್ಲ. ತಾವು ಹೊದ್ದಿದ್ದ ಶಾಲನ್ನು ತೆಗೆದು ಅವನ ಮೈಮೇಲೆ ಹೊದಿಸಿ, ಸದ್ದಿಲ್ಲದೆ ಹೊರಟುಹೋದರು. ಬೆಳಗಿನ ಜಾವ ಎಚ್ಚರಾದಾಗ ವೆಂಕಟನಾಥರಿಗೆ ಮೊದಲು ಗಾಬರಿಯಾಯಿತು. ಆಮೇಲೆ ಶಾಲಿನ ಗುರುತು ಹತ್ತಿತು.

॥ ಶ್ರೀಕೃಷ್ಣಾರ್ಪಣಮಸ್ತು ॥