ನಿಂಬೆ ಸಸಿ: ಬೀಜದಿಂದ ಬಯಲಿಗೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಗೌರಿಬಿದನೂರು ತಾಲ್ಲೂಕಿನ ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರೇ, ಉಪಾಧ್ಯಕ್ಷರೇ ಹಾಗೂ ಸದಸ್ಯರೇ,

ಸಸಿ ವಿತರಣೆಯ ವಹಿಯಲ್ಲಿ ಎಷ್ಟು ಸಸಿಗಳನ್ನು ಕೊಡಲಾಯಿತು ಎಂಬುದು ದಾಖಲಾಗುತ್ತದೆ. ಮರುವರ್ಷ ಎಷ್ಟು ಬದುಕಿವೆ ಎಂಬುದು ಅಷ್ಟು ಸುಲಭವಾಗಿ ದಾಖಲಾಗುವುದಿಲ್ಲ. ನೆಟ್ಟ ನಿಂಬೆ ಸಸಿ ಒಣಗಿದರೆ ರೈತರು ಕಳೆದುಕೊಳ್ಳುವುದು ಸಸಿಯ ಬೆಲೆಯನ್ನಷ್ಟೇ ಅಲ್ಲ. ಗುಂಡಿಯ ಕೂಲಿ, ಗೊಬ್ಬರ, ಕೊಳವೆಬಾವಿಯ ನೀರು ಮತ್ತು ಇಡೀ ಒಂದು ವರ್ಷ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಅದು ಸಣ್ಣ ನಷ್ಟವಲ್ಲ.

ನಿಂಬೆಯನ್ನು ಬೀಜದಿಂದ ಬೆಳೆಸುವುದರಲ್ಲಿ ದೋಷವಿಲ್ಲ. ಇದರ ಒಂದೇ ಬೀಜದಿಂದ ಎರಡು ಮೂರು ಮೊಳಕೆಗಳು ಹೊರಡುವುದುಂಟು. ಅವುಗಳಲ್ಲಿ ಹೆಚ್ಚಿನವು ತಾಯಿಮರದ ಅಂಗಾಂಶದಿಂದಲೇ ಹುಟ್ಟುವುದರಿಂದ ತಾಯಿಯ ಗುಣವನ್ನೇ ಹೊಂದಿರುತ್ತವೆ. ನೆರೆಯ ದೇವನಹಳ್ಳಿಯ ಚಕ್ಕೋತಕ್ಕೆ ಈ ಗುಣವಿಲ್ಲ. ಅದರ ಬೀಜದ ಗಿಡ ತಾಯಿಯನ್ನು ಹೋಲುವ ಭರವಸೆಯಿಲ್ಲದ ಕಾರಣ ಗೂಟಿ ಅಥವಾ ಕಸಿ ಅಗತ್ಯ. ಬೀಜದ ನಿಂಬೆ ಫಲಕ್ಕೆ ಬರಲು ನಾಲ್ಕೈದು ವರ್ಷ ಬೇಕು. ಆದುದರಿಂದ ತಪ್ಪು ಮರದ ಬೀಜ ಆರಿಸಿದ್ದು ತಿಳಿಯುವ ವೇಳೆಗೆ ಬಹಳ ತಡವಾಗಿರುತ್ತದೆ. ಪ್ರತಿವರ್ಷ ಚೆನ್ನಾಗಿ ಕಾಯಿಬಿಡುವ, ಕಜ್ಜಿರೋಗವಿಲ್ಲದ ಮರವನ್ನು ಮೊದಲೇ ಗುರುತಿಸಬೇಕು.

ಪೂರ್ಣ ಮಾಗಿದ ಹಣ್ಣಿನ ಬೀಜಗಳನ್ನು ತೊಳೆದು, ನೆರಳಿನಲ್ಲಿ ಆರಿಸಿ, ಕೆಲವೇ ದಿನಗಳಲ್ಲಿ ಬಿತ್ತಬೇಕು. ರಾಗಿಯಂತೆ ಒಣಗಿಸಿ ಕೂಡಿಟ್ಟರೆ ನಿಂಬೆಬೀಜ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅನುದಾನ ಬಂದ ದಿನವನ್ನಲ್ಲ, ಹಣ್ಣು ಮಾಗಿದ ದಿನವನ್ನು ನೋಡಿ ಬಿತ್ತನೆ ಮಾಡಬೇಕೆಂಬುದು ಇದರ ಅರ್ಥ. ಸುಮಾರು 1 ಸೆಂ.ಮೀ. ಆಳ ಸಾಕು, ಎರಡು ಮೂರು ವಾರಗಳಲ್ಲಿ ಮೊಳಕೆ ಕಾಣುತ್ತದೆ. ನೀರು ನಿಂತರೆ ಬುಡಕೊಳೆತ ತಗಲುತ್ತದೆ. ಪುಷ್ಟವಾದ, ಏಕರೂಪದ ಸಸಿಗಳನ್ನು ಮಾತ್ರ ಪಾಲಿಥೀನ್ ಚೀಲಕ್ಕೆ ವರ್ಗಾಯಿಸಿ, ಬಡಕಲು, ವಿಚಿತ್ರ ಎಲೆಯ ಮತ್ತು ತಾಯಿಬೇರು ಬಾಗಿದ ಸಸಿಗಳನ್ನು ತೆಗೆದುಹಾಕಬೇಕು. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಮರಿಹುಳುವಾಗಿರಬಹುದು. ಅದನ್ನು ಕೈಯಿಂದಲೇ ಆರಿಸಿ ನಾಶಪಡಿಸಬಹುದು.

ಇನ್ನು ಅತಿ ಮುಖ್ಯವಾದ ಘಟ್ಟ. ನೆರಳುಬಲೆಯಡಿ ಬೆಳೆದ ಎಲೆ ತೆಳುವಾಗಿ, ಮೃದುವಾಗಿರುತ್ತದೆ. ಅದನ್ನು ಒಂದೇ ದಿನದಲ್ಲಿ ಬಯಲಿಗಿಟ್ಟರೆ, ಬೇರು ಒದಗಿಸುವುದಕ್ಕಿಂತ ಹೆಚ್ಚು ನೀರನ್ನು ಎಲೆ ಕಳೆದುಕೊಳ್ಳುತ್ತದೆ; ಎಲೆ ಸುಟ್ಟಂತಾಗಿ ಉದುರುತ್ತದೆ. ಆದುದರಿಂದ ವಿತರಣೆಗೆ ಎರಡು ಮೂರು ವಾರ ಮೊದಲೇ ಸಸಿಗಳನ್ನು ಹದಗೊಳಿಸಬೇಕು. ಆರಂಭದಲ್ಲಿ ಬೆಳಗಿನ ಎರಡು ಗಂಟೆಯ ಎಳೆಬಿಸಿಲು, ಅನಂತರ ಅರ್ಧ ದಿನ, ಕೊನೆಗೆ ಪೂರ್ಣ ದಿನ. ನೀರಿನ ಅಂತರವನ್ನು, ಸಸಿ ಬಾಡದಂತೆ, ಮೆಲ್ಲನೆ ಹೆಚ್ಚಿಸಬೇಕು. ಈ ಅವಧಿಯಲ್ಲಿ ಯೂರಿಯಾ ಕೊಡಬಾರದು. ಅದರಿಂದ ಎಳೆಯ ಚಿಗುರೇ ಹೆಚ್ಚುತ್ತದೆ.

ಸುಮಾರು ಒಂದು ವರ್ಷದ ಸಸಿ ನಾಟಿಗೆ ಯೋಗ್ಯ. ಈ ಭಾಗದಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳ ಮಳೆಯೇ ಮುಖ್ಯವಾದುದರಿಂದ ಜುಲೈ, ಆಗಸ್ಟ್‌ನಲ್ಲಿ ನೆಟ್ಟರೆ ಬೇರೂರಲು ಅನುಕೂಲ. 6 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 110 ಸಸಿ ಹಿಡಿಯುತ್ತವೆ. ಸಂಜೆಯ ವೇಳೆ, ಚೀಲವನ್ನು ಸಂಪೂರ್ಣ ತೆಗೆದು, ಮಣ್ಣಿನ ಹೆಂಟೆ ಒಡೆಯದಂತೆ ನೆಡಬೇಕು. ಬುಡದಲ್ಲಿ ನೀರು ನಿಲ್ಲಬಾರದು; ಪಡುವಣ ಬಿಸಿಲಿಗೆ ಹೊಂಗೆಯ ಕೊಂಬೆ ಮರೆಯಾಗಲಿ.

ಮಾನ್ಯ ಸದಸ್ಯರು ಮಾಡಬೇಕಾದ ಕಾರ್ಯ ಮೂರು. ಮುಂದಿನ ವರ್ಷದ ನಾಟಿಗೆ ಈ ವರ್ಷವೇ ಕ್ರಿಯಾಯೋಜನೆಯಲ್ಲಿ ಸ್ಥಳ ಕಲ್ಪಿಸುವುದು. ಹದಗೊಳ್ಳದ ಸಸಿಯನ್ನು, ಸಮಾರಂಭದ ದಿನಾಂಕ ನಿಗದಿಯಾಗಿದ್ದರೂ, ವಿತರಿಸದಿರುವುದು. ವಿತರಣಾ ವಹಿಯಲ್ಲಿ ಮರುವರ್ಷ ಬದುಕಿರುವ ಸಸಿಗಳಿಗೊಂದು ಅಂಕಣ ಸೇರಿಸಿ, ಆ ಸಂಖ್ಯೆಯನ್ನು ಗ್ರಾಮಸಭೆಯಲ್ಲಿ ಓದಿಸುವುದು. ಕೊಟ್ಟ ಸಸಿಗಳ ಸಂಖ್ಯೆ ಪಂಚಾಯಿತಿಯ ವೆಚ್ಚವನ್ನು ಹೇಳುತ್ತದೆ. ಉಳಿದ ಸಸಿಗಳ ಸಂಖ್ಯೆ ಮಾತ್ರ ಅದರ ಕೆಲಸವನ್ನು ಹೇಳುತ್ತದೆ.