ಹಲಗೆಯ ಮೇಲಿನ ಎರಡು ಅಂಕಿ



ಗೋವೆಗೆ ಈಗ ಎರಡು ವಿಮಾನ ನಿಲ್ದಾಣ: ದಾಬೋಳಿ, 2023ರಿಂದ ಮೋಪಾ. ಅಂಥದ್ದೊಂದರಲ್ಲಿ ರೊಕ್ಕ ಬದಲಿಸುವ ಕೌಂಟರಿನಲ್ಲಿ ಕೂತವನು ನಾನು, ಇದೇ ಉಸಗಾಂವದವನು.

ಹಲಗೆಯ ಮೇಲೆ ಪ್ರತಿ ನಾಣ್ಯಕ್ಕೂ ಎರಡು ದರ. ನಾವು ಕೊಳ್ಳುವುದು ಕಡಿಮೆಗೆ, ಮಾರುವುದು ಹೆಚ್ಚಿಗೆ. ನಡುವಿನ ಅಂತರವೇ ಅಂಗಡಿಯ ಲಾಭ. ಗಲ್ಫಿನಿಂದ ಬಂದ ನಮ್ಮ ಹುಡುಗರ ಕಣ್ಣು ಮಾತ್ರ ದೊಡ್ಡ ಅಂಕಿಯ ಮೇಲೆ!

ದಾರಿಖರ್ಚಿಗಷ್ಟೇ ಅಲ್ಲಿ ಬದಲಿಸಿ. ಕಮಿಷನ್ ಕಳೆದು ಕೈಗೆಷ್ಟು ಬರುತ್ತದೆಂದು ಮೊದಲೇ ಕೇಳಿ. ಉಳಿದದ್ದಕ್ಕೆ ಬ್ಯಾಂಕಿನಲ್ಲಿ ದರ ವಿಚಾರಿಸಿ. 2000 ಡಾಲರಿನಷ್ಟು ಇಟ್ಟುಕೊಳ್ಳಬಹುದು. ಹೆಚ್ಚಿನ ನೋಟು ಬದಲಿಸಲು 180 ದಿನ ಗಡುವಿದೆ.

ಒಬ್ಬ ತಮ್ಮ ಎರಡು ವರ್ಷದ ದಿರ್ಹಮನ್ನೆಲ್ಲ ನನ್ನ ಮುಂದೆ ಸುರಿದ. ಇದನ್ನು ನಾನು ಹೇಳಲಿಲ್ಲ, ನೌಕರಿಯ ಭಯ. ರಶೀದಿಯನ್ನೂ ಓದದೆ ಜೇಬಿಗಿಟ್ಟು, ನನಗೇ ಕೈಮುಗಿದು ಹೋದ.