ಯಾರಿಗೂ ಬಾಗಿಲು ಮುಚ್ಚದ ಊರು

(ಕಾಸಿಮೇಡಿನಲ್ಲಿ ಸೇರಿದ್ದ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ರಜೆ ಎಂಬುದು ಯಾರೂ ಕೊಡುವ ದಾನವಲ್ಲ, ದುಡಿಯುವವನ ಹಕ್ಕು. ವರ್ಷವಿಡೀ ಒಲೆಯ ಮುಂದೆ, ಯಂತ್ರದ ಮುಂದೆ ನಿಂತವನಿಗೆ ನಾಲ್ಕು ದಿನ ಬೇರೆ ಊರಿನ ಗಾಳಿ ಬೇಕು. ಇದನ್ನು ಒಪ್ಪದವರು ಈ ಸಭೆಯಲ್ಲಿ ಇಲ್ಲ. ಆದರೆ ಆ ನಾಲ್ಕು ದಿನ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಎಲ್ಲರಿಗೂ ಒಂದೇ ಬಗೆಯದಲ್ಲ. ನಮ್ಮಲ್ಲಿ ಹೆಚ್ಚಿನವರು ಬಸ್ಸಿನ ಚಾರ್ಜು ನೋಡುತ್ತೇವೆ, ರೂಮಿನ ಬಾಡಿಗೆ ನೋಡುತ್ತೇವೆ. ಕೆಲವರು ಅದಕ್ಕೂ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕಾಗಿದೆ: "ಅಲ್ಲಿ ನಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತಾರೆಯೆ?"

ಯಾರು ಈ ಕೆಲವರು? ಗಂಡೆಂದು ಹುಟ್ಟಿ ಹೆಣ್ಣಾಗಿ ಬಾಳುವವರು. ಹೆಣ್ಣೆಂದು ಹುಟ್ಟಿ ಗಂಡಾಗಿ ಬಾಳುವವರು. ಗಂಡಸನ್ನೇ ಒಲಿದ ಗಂಡಸರು. ಹೆಂಗಸನ್ನೇ ಒಲಿದ ಹೆಂಗಸರು. ಇವರೆಲ್ಲರನ್ನೂ ಸೇರಿಸಿ ಈಗ ಎಲ್‌ಜಿಬಿಟಿ ಎನ್ನುತ್ತಾರೆ. ತಮಿಳರು ತಿರುನಂಗೈ ಎಂದೂ, ನಾವು ಮಂಗಳಮುಖಿ ಎಂದೂ ಕರೆಯುವವರು ಇವರಲ್ಲಿ ಒಂದು ಗುಂಪು ಮಾತ್ರ. ಉಳಿದವರು ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ. ಮಲಗುವ ಕೋಣೆಯಲ್ಲಿ ನಮ್ಮ ಪಕ್ಕದ ಚಾಪೆಯವನೇ ಆಗಿರಬಹುದು. "ಊರಿಗೆ ಹೋಗೋಣ ಬಾ" ಎಂದರೆ, "ನೀನು ಹೋಗಿ ಬಾ ಮಾರಾಯ, ನನಗೆ ಇಲ್ಲೇ ಸಾಕು" ಎನ್ನುವ ಜೊತೆಗಾರ ಯಾವ ಹೊಟೇಲಿನಲ್ಲಿಲ್ಲ? ಅವನಿಗೆ ಊರು ಬೇಡವೆಂದಲ್ಲ. ಊರಿನಲ್ಲಿ ಬಾಗಿಲು ದಾಟುವ ಮೊದಲೇ "ಮದುವೆ ಯಾವಾಗ?" ಎಂಬ ಪ್ರಶ್ನೆ ಕಾದಿರುತ್ತದೆ. ಅಂಥವನಿಗೂ ರಜೆ ಬೇಕು. ಅವನು ಎಲ್ಲಿಗೆ ಹೋಗಬೇಕು?

ಮೊದಲು ನೋಡಬೇಕಾದುದು ಆ ನಾಡಿನ ಕಾಯಿದೆ. ಬ್ರಿಟಿಷರು 1860ರಲ್ಲಿ ಮಾಡಿದ ದಂಡಸಂಹಿತೆಯ 377ನೆಯ ಕಲಮು ಇಬ್ಬರು ಗಂಡಸರ ಒಲವನ್ನು ಅಪರಾಧವೆಂದು ಎಣಿಸಿತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಒಪ್ಪಿ ಬಾಳುವ ವಯಸ್ಕರ ಮಟ್ಟಿಗೆ ಅದು ಸಲ್ಲದೆಂದು ತೀರ್ಪಿತ್ತಿತು. ಅದೇ ಬ್ರಿಟಿಷರಿಂದ ಬಂದ ಇಂಥ ಕಲಮನ್ನು ಸಿಂಗಪುರದ ಪಾರ್ಲಿಮೆಂಟು 2022ರಲ್ಲಿ ತೆಗೆದುಹಾಕಿತು. ತೈವಾನ್ 2019ರಲ್ಲಿ, ಥಾಯ್ಲೆಂಡ್ 2025ರಲ್ಲಿ ಇಂಥವರ ಮದುವೆಗೇ ಮನ್ನಣೆ ಕೊಟ್ಟವು. ಆದರೆ ನಮ್ಮ ಕರಾವಳಿಯ ಹುಡುಗರು ದುಡಿಯಲು ಹೋಗುವ ಸೌದಿ ಅರೇಬಿಯ, ಕತಾರ್‌ಗಳಲ್ಲಿ ಇದು ಶಿಕ್ಷೆಗೆ ಗುರಿಮಾಡುವ ಅಪರಾಧ. ಅಲ್ಲಿಗೆ ಹೋಗುವವರು ಇದನ್ನು ತಿಳಿದೇ ಹೋಗಬೇಕು.

ದೂರದ ಮಾತು ಹಾಗಿರಲಿ. ನಮ್ಮ ಜೇಬಿಗೆ ಎಟಕುವ ಊರುಗಳನ್ನು ನೋಡೋಣ. ಎಗ್ಮೋರಿನಲ್ಲಿ ರೈಲು ಹತ್ತಿದರೆ ವಿಳುಪುರಂ. ಅಲ್ಲಿಂದ ಬಸ್ಸಿನಲ್ಲಿ ಕೂವಾಗಂ. ಚಿತ್ತಿರೈ ತಿಂಗಳಲ್ಲಿ ಅಲ್ಲಿ ಕೂತಾಂಡವರ ಜಾತ್ರೆ. ಅರ್ಜುನನ ಮಗ ಅರವಾನನೇ ಆ ದೇವರು. ದೇಶದ ಮೂಲೆಮೂಲೆಗಳಿಂದ ಬಂದ ತಿರುನಂಗೈಯರು ಅವನ ಹೆಸರಿನಲ್ಲಿ ತಾಳಿ ಕಟ್ಟಿಸಿಕೊಳ್ಳುತ್ತಾರೆ, ಮರುದಿನ ತಾಳಿ ಕಳಚಿ ಅಳುತ್ತಾರೆ. ನಮ್ಮ ನಾಡಿನಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡವಿದೆ, ತುಂಗಭದ್ರೆಯ ದಂಡೆಯಲ್ಲಿ ಹುಲಿಗೆಮ್ಮನ ಗುಡಿಯಿದೆ. ಅಲ್ಲಿ ಜೋಗಪ್ಪಗಳು ಚೌಡಿಕೆ ನುಡಿಸುತ್ತ ಕೊಡ ಹೊತ್ತು ಕುಣಿಯುತ್ತಾರೆ. ಆ ಕುಣಿತದಿಂದಲೇ ಬಾಳು ಕಟ್ಟಿಕೊಂಡ ಬಳ್ಳಾರಿ ಕಡೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಪ್ರಯಾಣದ ದಾರಿಯೂ ಸ್ವಲ್ಪ ಹಗುರವಾಗಿದೆ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಆರಂಭವಾದ ಶಕ್ತಿ ಯೋಜನೆಯು ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಆ ರಾಜ್ಯದ ಹೆಂಗಸರಿಗೆ ಮಾತ್ರವಲ್ಲದೆ ಮಂಗಳಮುಖಿಯರಿಗೂ ಪುಕ್ಕಟೆ ಪ್ರಯಾಣ ಕೊಟ್ಟಿತು.

ಪಟ್ಟಣ ಬೇಕೆನ್ನುವವರಿಗೆ ಬೆಂಗಳೂರು ಇದೆ, ಕೊಚ್ಚಿ ಇದೆ. ಬೆಂಗಳೂರಿನಲ್ಲಿ 2008ರಲ್ಲಿ, ಈ ನಮ್ಮ ಚೆನ್ನೈಯಲ್ಲಿ 2009ರಲ್ಲಿ ಈ ಜನರು ಬಹಿರಂಗವಾಗಿ ಮೆರವಣಿಗೆ ಹೊರಟರು. ಕೊಚ್ಚಿಯ ಮೆಟ್ರೋ ರೈಲು 2017ರಲ್ಲಿ ಮಂಗಳಮುಖಿಯರನ್ನು ಕೆಲಸಕ್ಕೆ ತೆಗೆದುಕೊಂಡಿತು. ಒಂದು ಊರು ಇವರನ್ನು ನೋಡುವುದಕ್ಕೆ ಮಾತ್ರ ಕರೆಯುತ್ತದೆಯೋ, ಕೆಲಸಕ್ಕೂ ಕರೆಯುತ್ತದೆಯೋ ಎಂಬುದು ಒಳ್ಳೆಯ ಗುರುತು.

ಏಕೆಂದರೆ ಜಾತ್ರೆಯ ದಿನ ಕೈಮುಗಿಯುವುದು ಸುಲಭ. ಜಾತ್ರೆ ಮುಗಿದ ಮರುವಾರ ಅದೇ ವ್ಯಕ್ತಿ ಅದೇ ಊರಿನ ಲಾಡ್ಜಿಗೆ ಬಂದು ಬಾಡಿಗೆ ಎಣಿಸಿಟ್ಟಾಗ ಕೀಲಿಕೈ ಸಿಕ್ಕೀತೆ? ಪರೀಕ್ಷೆ ಅಲ್ಲಿರುವುದು. ಬೀಚು, ಬೆಟ್ಟ, ಗೋಪುರಗಳು ಯಾರನ್ನೂ ಸ್ವಾಗತಿಸುವುದೂ ಇಲ್ಲ, ಓಡಿಸುವುದೂ ಇಲ್ಲ. ಸ್ವಾಗತಿಸುವವನು ಕೌಂಟರಿನಲ್ಲಿ ಕುಳಿತವನು, ರೂಮು ತೋರಿಸುವ ಹುಡುಗ, ಮೇಜಿನ ಮೇಲೆ ನೀರಿಡುವ ಮಾಣಿ. ಅಂದರೆ ನಾವು. ಆದುದರಿಂದ ಈ ವಿಷಯ ಪ್ರವಾಸಿಗಳದು ಮಾತ್ರವಲ್ಲ, ನಮ್ಮ ಕಸುಬಿನದು.

ಮಂಗಳಮುಖಿಯೊಬ್ಬರು ಗಲ್ಲಾದ ಮುಂದೆ ನಿಂತು ಚಪ್ಪಾಳೆ ತಟ್ಟಿ ಹರಸಿದರೆ ಮಾಲಿಕರು ಕಾಸು ಕೊಟ್ಟು ಕಳಿಸುತ್ತಾರೆ. ಅವರೇ ಒಳಗೆ ಬಂದು ಕುಳಿತು ಮಸಾಲೆದೋಸೆ ಹೇಳಿದರೆ ಕೆಲವು ಕಡೆ ಸಪ್ಲಯರ್ ಅತ್ತ ಸುಳಿಯುವುದಿಲ್ಲ. ಇದು ಯಾವ ನ್ಯಾಯ? ನಾವು ಸೇರಿರುವ ಈ ಕಾಸಿಮೇಡಿನ ಬಂದರಿನಲ್ಲಿ ಬೆಳಗಿನ ಜಾವ ಮೀನಿನ ಹರಾಜು ನಡೆಯುತ್ತದೆ. ಕೂಗಿದವರ ಬೆಲೆಯನ್ನು ಕೇಳುತ್ತಾರೆಯೇ ಹೊರತು ಅವರು ಮನೆಯಲ್ಲಿ ಯಾರೊಡನೆ ಬಾಳುತ್ತಾರೆಂದು ಯಾರೂ ಕೇಳುವುದಿಲ್ಲ. ಅಷ್ಟು ಮರ್ಯಾದೆ ಹೊಟೇಲಿನಲ್ಲಿಯೂ ಇರಬೇಡವೆ?

"ಮಾಲಿಕರು ಬೈದರೆ? ಪೋಲೀಸರು ಬಂದರೆ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನಮ್ಮ ಸಂವಿಧಾನದ 15ನೆಯ ವಿಧಿ ಹೊಟೇಲುಗಳ ಹೆಸರನ್ನೇ ಎತ್ತಿ ಹೇಳಿದೆ: ಜಾತಿ, ಧರ್ಮ, ಲಿಂಗ ಮುಂತಾದ ಕಾರಣಗಳಿಂದ ಯಾರಿಗೂ ಅಲ್ಲಿ ಪ್ರವೇಶ ತಡೆಯಬಾರದು. ಆ "ಲಿಂಗ" ಎಂಬ ಮಾತಿನಲ್ಲಿ ಮಂಗಳಮುಖಿಯರೂ ಸೇರುತ್ತಾರೆಂದು 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ಹೇಳಿತು. 2019ರ ಡಿಸೆಂಬರಿನಲ್ಲಿ, ಕೊಯಮತ್ತೂರಿನ ಒಂದು ವಸತಿಗೃಹಕ್ಕೆ ಬೀಗ ಹಾಕಿದ ಮೊಕದ್ದಮೆಯಲ್ಲಿ, ಮದುವೆಯಾಗದ ಗಂಡು ಹೆಣ್ಣು ಒಂದೇ ರೂಮಿನಲ್ಲಿ ತಂಗುವುದನ್ನು ತಡೆಯುವ ಕಾಯಿದೆ ಯಾವುದೂ ಇಲ್ಲವೆಂದು ಮದರಾಸು ಹೈಕೋರ್ಟು ಹೇಳಿತು. ಇವರನ್ನು ಪೋಲೀಸರು ಕಾಡಬಾರದೆಂದು 2022ರಲ್ಲಿ ತಮಿಳುನಾಡು ಸರಕಾರ ಪೋಲೀಸರ ನಡತೆಯ ನಿಯಮಗಳಲ್ಲಿಯೇ ಸೇರಿಸಿತು. ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಮದುವೆಗೆ ಮಾತ್ರ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಮನ್ನಣೆ ಕೊಡಲಿಲ್ಲ. ಆದುದರಿಂದ ಅವರ ಬಳಿ ತೋರಿಸಲು ಮದುವೆಯ ಕಾಗದವಿಲ್ಲ. ಇಲ್ಲದ ಕಾಗದವನ್ನು ಕೌಂಟರಿನಲ್ಲಿ ಕೇಳಿ ಅವಮಾನಿಸಬೇಡಿ.

ನಾವು ಮಾಡಬೇಕಾದುದು ಬಹಳವಿಲ್ಲ. ಎಲ್ಲರಿಂದ ಕೇಳುವ ಗುರುತಿನ ಚೀಟಿಯನ್ನೇ ಇವರಿಂದಲೂ ಕೇಳಿ, ಹೆಚ್ಚಿನದು ಬೇಡ. ಚೀಟಿಯಲ್ಲಿ ಒಂದು ಹೆಸರಿದ್ದು ಅವರು ಇನ್ನೊಂದು ಹೇಳಿದರೆ, ಪುಸ್ತಕದಲ್ಲಿ ಚೀಟಿಯ ಹೆಸರು ಬರೆಯಿರಿ, ಬಾಯಲ್ಲಿ ಅವರು ಹೇಳಿದ ಹೆಸರಿನಿಂದ ಕರೆಯಿರಿ. ಯಾವ ರೂಮಿನಲ್ಲಿ ಯಾರಿದ್ದಾರೆಂಬ ಸುದ್ದಿಯನ್ನು ಅಡಿಗೆಮನೆಯ ನಗೆಗೆ ಒದಗಿಸಬೇಡಿ. ಅವರ ಮನೆಗೆ ಫೋನು ಮಾಡುವ ಅಧಿಕಪ್ರಸಂಗವಂತೂ ಬೇಡವೇ ಬೇಡ. ಆ ಒಂದು ಫೋನು ಒಬ್ಬರ ಬಾಳನ್ನೇ ಹಾಳುಮಾಡಬಲ್ಲುದು. ರಾತ್ರಿ ಹನ್ನೊಂದು ಗಂಟೆಗೆ ಬಾಗಿಲಿನಿಂದ ಹಿಂದಕ್ಕೆ ಕಳಿಸಿದವರು ಎಲ್ಲಿಗೆ ಹೋಗುತ್ತಾರೆ? ಬಸ್ ನಿಲ್ದಾಣದ ಬೆಂಚಿಗೆ, ಅಥವಾ ಅದಕ್ಕಿಂತ ಕೆಟ್ಟ ಕಡೆಗೆ.

ಪ್ರಯಾಣ ಹೊರಡುವ ಬಂಧುಗಳಿಗೂ ಎರಡು ಮಾತು. ರೂಮಿಗೆ ಮುಂಗಡ ಕಟ್ಟುವ ಮೊದಲು ಫೋನು ಮಾಡಿ ಸ್ಪಷ್ಟವಾಗಿ ಕೇಳಿ. ಉತ್ತರದ ಮಾತಿಗಿಂತ ಉತ್ತರ ಕೊಡುವ ಧ್ವನಿ ಹೆಚ್ಚು ತಿಳಿಸುತ್ತದೆ. ಅಲ್ಲಿಗೆ ಹೋಗಿ ಬಂದವರನ್ನು ವಿಚಾರಿಸಿ. ಹೊತ್ತು ಮುಳುಗುವ ಮೊದಲು ಊರು ಸೇರಿ. ತಂಗುವ ಜಾಗವನ್ನು ನಂಬಿಕೆಯ ಒಬ್ಬ ಸ್ನೇಹಿತರಿಗಾದರೂ ತಿಳಿಸಿರಿ.

1918ರ ಏಪ್ರಿಲ್ 27ರಂದು ಇಲ್ಲಿಗೆ ದೂರವಲ್ಲದ ಪೆರಂಬೂರಿನಲ್ಲಿ ಮಿಲ್ಲು ಕೆಲಸಗಾರರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ಅವರು ದುಡಿದ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಮಿಲ್ಲುಗಳು ಇಂದು ಇಲ್ಲ. ಅವರು ಬಯಸಿದ್ದು ಕೂಲಿಯನ್ನು ಮಾತ್ರವಲ್ಲ, ಮನುಷ್ಯರೆಂಬ ಮರ್ಯಾದೆಯನ್ನೂ. ನಮಗೆ ಬೇಕಾದ ಆ ಮರ್ಯಾದೆಯನ್ನು ನಮ್ಮ ಬಾಗಿಲಿಗೆ ಬಂದವರಿಗೆ ಕೊಡಲು ಮಾಲಿಕರ ಅಪ್ಪಣೆ ಬೇಕಿಲ್ಲ. ಮುಂದಿನ ಸಲ ಯಾರಾದರೂ "ನಮ್ಮಂಥವರಿಗೆ ಒಳ್ಳೆಯ ಊರು ಯಾವುದು?" ಎಂದು ಕೇಳಿದರೆ, ನಾವು ಕೆಲಸಮಾಡುವ ಹೊಟೇಲಿನ ಹೆಸರನ್ನು ಹೆದರದೆ ಹೇಳುವಂತಾಗಲಿ.